ಹಿಮ ಕರಗುವ ಕಾಲದ ಹೊಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಚಳಿಗಾಲ ಕಳೆದು ಹಿಮ ಕರಗತೊಡಗುವ ವಾರಗಳಲ್ಲಿ ನದಿ, ತೊರೆ, ಸರೋವರಗಳ ಬಳಿ ಹೇಗೆ ಎಚ್ಚರದಿಂದಿರಬೇಕು ಎಂದು ಕೇಳಿ ಈ ಬಾರಿ ಹಲವರು ಬರೆದಿದ್ದಾರೆ. ಹಿಮಪರ್ವತಗಳಿಗೆ ಚಾರಣ ಹೊರಟವರು ಅವರಲ್ಲಿದ್ದಾರೆ, ಶೀತದೇಶಗಳಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿರುವ ಹಿರಿಯರೂ ಇದ್ದಾರೆ. ಮಳೆಗಾಲದ ಹೊಳೆಯನ್ನು ಕಂಡು ಬೆಳೆದವರಿಗೆ ಈ ಹೊಳೆಯ ಸ್ವಭಾವ ಸುಲಭಕ್ಕೆ ಅರ್ಥವಾಗುವುದಿಲ್ಲ. ಮೋಡ ಕವಿದಾಗ ಹೊಳೆ ಉಕ್ಕುತ್ತದೆ, ಬಿಸಿಲು ಬಿದ್ದಾಗ ಇಳಿಯುತ್ತದೆ ಎಂಬುದು ನಮ್ಮ ಕಣ್ಣಿಗೆ ರೂಢಿಯಾದ ಲೆಕ್ಕ. ಹಿಮದ ಹೊಳೆಯಲ್ಲಿ ಈ ಲೆಕ್ಕ ತಿರುವುಮುರುವಾಗುತ್ತದೆ. ಅಲ್ಲಿ ಆಕಾಶ ತಿಳಿಯಾಗಿ, ಗಾಳಿ ಬೆಚ್ಚಗಾಗಿ, ನೀರಿಗಿಳಿಯೋಣ ಎಂದು ಮನಸ್ಸಾಗುವ ದಿನವೇ ನೀರು ಹೆಚ್ಚು ಅಪಾಯಕಾರಿಯಾಗಿರುತ್ತದೆ.

ಪ್ರಶ್ನೆ: ಚಿಕ್ಕಂದಿನಿಂದ ಹೊಳೆಯಲ್ಲಿ ಈಜಿ ಬೆಳೆದವನು ನಾನು. ನಾವು ಹೋಗುವ ಕಣಿವೆಯಲ್ಲಿ ಹಗಲಿನ ಉಷ್ಣತೆ 25 ಡಿಗ್ರಿ ಇರುತ್ತದೆಯಂತೆ. ಹಿಮ ಕರಗಿ ಬಂದ ನೀರಾದರೂ ಸ್ವಲ್ಪ ಹೊತ್ತು ಈಜಿದರೆ ಏನಾಗುತ್ತದೆ?

ಉತ್ತರ: ನಿಮ್ಮ ಈಜಿನ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಹಿಮದ ನೀರಿಗೆ ಬಿದ್ದ ಮೊದಲ ಒಂದೆರಡು ನಿಮಿಷಗಳಲ್ಲಿ ಈಜು ಬಲ್ಲವರೂ ಬಾರದವರೂ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿರುತ್ತಾರೆ ಎಂಬುದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಸುಮಾರು 15 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿರುವ ನೀರು ಮೈಯನ್ನು ಒಮ್ಮೆಲೇ ಆವರಿಸಿದಾಗ ಚರ್ಮದ ನರಗಳು ಬೆಚ್ಚಿಬೀಳುತ್ತವೆ; ನಾವು ಬಯಸಲಿ ಬಿಡಲಿ, ಬಾಯಿ ತೆರೆದು ಉಸಿರು ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಆ ಗಳಿಗೆಯಲ್ಲಿ ಮುಖ ನೀರಿನೊಳಗಿದ್ದರೆ ಎದೆಗೆ ಹೋಗುವುದು ಗಾಳಿಯಲ್ಲ, ನೀರು. ಅದರ ಬೆನ್ನಿಗೇ ಏದುಸಿರು ಶುರುವಾಗುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ದಡದ ಮೇಲೆ ಒಂದು ನಿಮಿಷ ಉಸಿರು ಕಟ್ಟಬಲ್ಲವರಿಗೂ ಕೆಲವೇ ಸೆಕೆಂಡು ಕಟ್ಟಲು ಆಗುವುದಿಲ್ಲ. ಹೃದಯದ ತೊಂದರೆ ಇರುವವರಿಗೆ ಇಷ್ಟೇ ಪ್ರಾಣಾಂತಿಕವಾಗಬಹುದು. ತಣ್ಣೀರಿನಲ್ಲಿ ಸತ್ತವರೆಲ್ಲ ಚಳಿಗೆ ಮರಗಟ್ಟಿ ಸತ್ತರೆಂದು ನಾವು ಭಾವಿಸುತ್ತೇವೆ. ನಿಜದಲ್ಲಿ ಅವರಲ್ಲಿ ಅನೇಕರು ಮೈ ತಣ್ಣಗಾಗುವುದಕ್ಕೆ ಬಹಳ ಮೊದಲೇ, ಈ ಆಘಾತದಲ್ಲಿಯೇ ಮುಳುಗಿರುತ್ತಾರೆ.

ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯದಲ್ಲಿ ದೇಹದ ಮೇಲೆ ಶೀತದ ಪರಿಣಾಮಗಳನ್ನು ಅಧ್ಯಯನ ಮಾಡಿರುವ ಗಾರ್ಡನ್ ಗೀಸ್‌ಬ್ರೆಕ್ಟ್ ಅವರು ಇದನ್ನು 1-10-1 ಎಂಬ ಮೂರು ಅಂಕಿಗಳಲ್ಲಿ ಹೇಳುತ್ತಾರೆ. ಉಸಿರನ್ನು ಹತೋಟಿಗೆ ತಂದುಕೊಳ್ಳಲು ಸುಮಾರು 1 ನಿಮಿಷ, ಕೈಕಾಲುಗಳು ಹೇಳಿದ ಮಾತು ಕೇಳುವುದು ಸುಮಾರು 10 ನಿಮಿಷ, ಮೈ ತಣ್ಣಗಾಗಿ ಪ್ರಜ್ಞೆ ತಪ್ಪುವುದಕ್ಕೆ ಸುಮಾರು 1 ಗಂಟೆ. ಇವು ಹಿಮದಷ್ಟು ತಣ್ಣಗಿನ ನೀರಿಗೆ ಹೇಳಿದ ಅಂದಾಜುಗಳು. ವಯಸ್ಸು, ಮೈಕಟ್ಟು, ಉಡುಪುಗಳಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುತ್ತವೆ. ಆಕಸ್ಮಿಕವಾಗಿ ಬಿದ್ದವರು ಮಾಡಬೇಕಾದದ್ದೂ ಈ ಅಂಕಿಗಳಲ್ಲಿಯೇ ಇದೆ. ಮೊದಲ ನಿಮಿಷ ಈಜುವ ಪ್ರಯತ್ನವನ್ನೇ ಮಾಡಬಾರದು. ಬೆನ್ನ ಮೇಲೆ ತೇಲಿಕೊಂಡೋ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡೋ ಮುಖವನ್ನು ನೀರಿನಿಂದ ಮೇಲಿಟ್ಟು, ಏದುಸಿರು ಇಳಿಯುವವರೆಗೆ ಕಾಯಬೇಕು. ಆಮೇಲೆ ಸಿಗುವ ಹತ್ತು ನಿಮಿಷಗಳನ್ನು ಹೊರಗೆ ಬರುವುದಕ್ಕಷ್ಟೇ ಬಳಸಬೇಕು, ಏಕೆಂದರೆ ಆ ಬಳಿಕ ಬೆರಳುಗಳು ಹಗ್ಗವನ್ನೂ ಹಿಡಿಯಲಾರವು. ಒಮ್ಮೆ ನಾನು ಇಂತಹ ತೊರೆಯೊಂದರಲ್ಲಿ ಜಾರಿಬಿದ್ದ ನೀರಿನ ಬಾಟಲಿಯನ್ನು ಹುಡುಕುತ್ತ ತುಸು ಹೊತ್ತು ಕೈಯಾಡಿಸಿದ್ದೆ, ಅಷ್ಟೇ. ಆಮೇಲೆ ಅಂಗಿಯ ತೋಳಿನ ಗುಂಡಿ ಹಾಕಿಕೊಳ್ಳಲು ಹೋದರೆ ಬೆರಳಿನ ತುದಿಗೆ ಗುಂಡಿ ಇರುವುದೇ ತಿಳಿಯಲಿಲ್ಲ, ಜೊತೆಯಲ್ಲಿದ್ದವರು ಹಾಕಿಕೊಡಬೇಕಾಯಿತು.

ಹೊರಗೆ 25 ಡಿಗ್ರಿ ಇರುವಾಗ ನೀರು ಅಷ್ಟು ತಣ್ಣಗೆ ಏಕಿರುತ್ತದೆ ಎಂದು ನೀವು ಕೇಳಬಹುದು. ಒಂದು ಕಿಲೋ ಮಂಜುಗಡ್ಡೆಯನ್ನು ಬರಿದೇ ನೀರಾಗಿಸಲು ಬೇಕಾಗುವ ಶಾಖದಲ್ಲಿ ಅದೇ ಒಂದು ಕಿಲೋ ನೀರನ್ನು ಸೊನ್ನೆಯಿಂದ ಸುಮಾರು 80 ಡಿಗ್ರಿಯವರೆಗೆ ಕಾಯಿಸಬಹುದು. ಬಿಸಿಲಿನ ಶಾಖವೆಲ್ಲ ಹಿಮ ಕರಗಿಸುವುದಕ್ಕೇ ಖರ್ಚಾಗುವುದರಿಂದ ಕರಗಿದ ನೀರು ಸೊನ್ನೆಯ ಆಸುಪಾಸಿನಲ್ಲಿಯೇ ಹೊರಡುತ್ತದೆ. ರಭಸವಾಗಿ ಇಳಿಯುವ ಹೊಳೆಗೆ ದಾರಿಯಲ್ಲಿ ಬೆಚ್ಚಗಾಗಲು ಪುರುಸೊತ್ತೂ ಇರುವುದಿಲ್ಲ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಹವೆಯನ್ನು ನೋಡಿ ಉಡುಪು ತೊಡಬೇಡಿ, ನೀರನ್ನು ನೋಡಿ ತೊಡಿ. ಅಲ್ಲಿ ಈಜುವ ಯೋಚನೆಯನ್ನು ಬಿಟ್ಟೇಬಿಡಿ ಎಂದು ಕೈಮುಗಿದು ಕೇಳುತ್ತೇನೆ.

ಪ್ರಶ್ನೆ: ಕಳೆದ ವರ್ಷದ ಚಾರಣದಲ್ಲಿ ಬೆಳಿಗ್ಗೆ ಮೀನಖಂಡದಷ್ಟಿದ್ದ ತೊರೆ ಸಂಜೆ ಮರಳುವಾಗ ಸೊಂಟದ ಮಟ್ಟಕ್ಕೆ ಬಂದಿತ್ತು. ಮಳೆಯ ಒಂದು ಹನಿಯೂ ಬಿದ್ದಿರಲಿಲ್ಲ. ಇಂತಹ ತೊರೆಯನ್ನು ದಾಟುವುದು ಹೇಗೆ, ಯಾವಾಗ?

ಉತ್ತರ: ಮರಳುವ ಹೊತ್ತು ಎಷ್ಟಿರಬೇಕು ಎಂಬುದನ್ನು ಹೊರಡುವಾಗಲೇ ನಿರ್ಧರಿಸಬೇಕು ಎನ್ನುವುದಕ್ಕೆ ನಿಮ್ಮ ಅನುಭವವೇ ಸಾಕ್ಷಿ. ರಾತ್ರಿ ಹಿಮ ಮತ್ತೆ ಗಟ್ಟಿಯಾಗುವುದರಿಂದ ಬೆಳಗಿನ ಜಾವ ಹರಿವು ಕಡಿಮೆ ಇರುತ್ತದೆ. ಬಿಸಿಲೇರಿದಂತೆ ಕರಗುವಿಕೆ ಹೆಚ್ಚಿ, ಹಿಮಕ್ಕೆ ಹತ್ತಿರದ ತೊರೆಗಳು ಮಧ್ಯಾಹ್ನದ ಕೊನೆಗೆ ಅಥವಾ ಸಂಜೆಗೆ ತುಂಬುತ್ತವೆ. ಆ ನೀರು ಕೆಳಕ್ಕೆ ಹರಿದು ಬರಲು ಸಮಯ ಹಿಡಿಯುವುದರಿಂದ, ಹಿಮದಿಂದ ಹಲವು ಕಿಲೋಮೀಟರ್ ದೂರದ ಜಾಗದಲ್ಲಿ ಅದೇ ಏರಿಕೆ ನಡುರಾತ್ರಿಗೋ ಮರುದಿನ ಬೆಳಿಗ್ಗೆಗೋ ಬರಬಹುದು. ಹಾಗಾಗಿ ಬೆಳಿಗ್ಗೆ ದಾಟಿದರೆ ಕ್ಷೇಮ ಎಂಬ ಮಾತು ಮೇಲಿನ ತೊರೆಗಳಿಗಷ್ಟೇ ಸಲ್ಲುತ್ತದೆ. ಮೋಡ ಕವಿದ ಬೆಚ್ಚಗಿನ ರಾತ್ರಿಯ ಮರುದಿನ ಅದೂ ಸಲ್ಲುವುದಿಲ್ಲ, ಏಕೆಂದರೆ ಆ ರಾತ್ರಿ ಹಿಮ ಗಟ್ಟಿಯಾಗಿರುವುದೇ ಇಲ್ಲ. ಕರಗುತ್ತಿರುವ ಹಿಮದ ಮೇಲೆ ಮಳೆ ಬಿದ್ದರಂತೂ ಎರಡೂ ನೀರು ಸೇರಿ ಬರುತ್ತವೆ. ಅಂದು ತೊರೆಯ ಕಡೆಗೆ ಹೋಗುವುದೇ ಬೇಡ.

ತೊರೆಯ ಬಳಿ ತಂಗಿದಾಗ ನಾನು ತಪ್ಪದೆ ಮಾಡುವ ಒಂದು ಕೆಲಸವಿದೆ. ನೀರು ಮುಗಿದು ಒಣ ಮಣ್ಣು ಶುರುವಾಗುವ ಅಂಚಿನಲ್ಲಿ ಒಂದು ಕಡ್ಡಿ ನೆಡುತ್ತೇನೆ, ಗೇಣು ಮೇಲೆ ಇನ್ನೊಂದು. ಅರ್ಧ ಗಂಟೆಗೊಮ್ಮೆ ಹೋಗಿ ನೋಡಿದರೆ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಅನುಮಾನಕ್ಕೆ ಎಡೆಯಿಲ್ಲದಂತೆ ತಿಳಿಯುತ್ತದೆ. ಬಂಡೆಗಳ ಮೇಲೆ ಒದ್ದೆಯ ಕಪ್ಪು ಪಟ್ಟಿ ನೀರಿಗಿಂತ ಮೇಲೆ ಕಂಡರೆ ಹೊಳೆ ಇಳಿಯುತ್ತಿದೆ. ಒಣ ಬಂಡೆಯ ಬುಡಕ್ಕೆ ನೇರವಾಗಿ ನೀರು ತಾಗುತ್ತಿದ್ದರೆ, ತಿಳಿನೀರು ಕದಡಿ ಕಡ್ಡಿಕಸ ತೇಲಿಬರತೊಡಗಿದರೆ ಅದು ಏರುತ್ತಿದೆ. ಕಿವಿಗೊಟ್ಟು ಕೇಳುವುದೂ ಮುಖ್ಯ. ನೀರಿನ ಮೊರೆತದ ಅಡಿಯಿಂದ ದಪ್ಪ ಗೋಣಿಚೀಲವನ್ನು ನೆಲಕ್ಕೆ ಕುಕ್ಕಿದಂತಹ ಸದ್ದು ಬರುತ್ತಿದ್ದರೆ ತಳದಲ್ಲಿ ಬಂಡೆಗಳು ಉರುಳುತ್ತಿವೆ ಎಂದು ಅರ್ಥ, ಆಗ ಆ ನೀರಿಗೆ ಕಾಲಿಡುವಂತಿಲ್ಲ.

ದಾಟಲೇಬೇಕಾದರೆ, ಒಂದು ಕಡ್ಡಿಯನ್ನು ನೀರಿಗೆಸೆದು ದಡದಲ್ಲಿ ಅದರ ಜೊತೆಗೆ ನಡೆದು ನೋಡಿ. ಸಾಮಾನ್ಯ ನಡಿಗೆಯಲ್ಲಿ ಅದನ್ನು ಹಿಡಿಯಲಾಗದಿದ್ದರೆ, ನೀರು ಮೊಣಕಾಲಿಗಿಂತ ಮೇಲಿದ್ದರೆ, ದಾಟಬೇಡಿ. ಹರಿವಿನ ವೇಗ ಎರಡರಷ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕರಷ್ಟಾಗುತ್ತದೆ. ನಿನ್ನೆ ದಾಟಿದ ಧೈರ್ಯ ಇಂದಿಗೆ ಸಾಲದಿರುವುದು ಇದರಿಂದಲೇ. ಕಿರಿದಾದ ಜಾಗ ಕಣ್ಣಿಗೆ ಸುಲಭವೆನಿಸಿದರೂ ಅಲ್ಲಿಯೇ ಆಳವೂ ಸೆಳವೂ ಹೆಚ್ಚು. ಹೊಳೆ ಹರಡಿಕೊಂಡು, ಕವಲೊಡೆದು, ನೇರವಾಗಿ ಹರಿಯುವ ಜಾಗವನ್ನು ಹುಡುಕಬೇಕು. ತಿರುವಿನ ಹೊರಬದಿ ಯಾವಾಗಲೂ ಆಳವಾಗಿರುತ್ತದೆ. ದಾಟುವ ಜಾಗದ ಕೆಳಗೆ ಏನಿದೆ ಎಂಬುದನ್ನು ಮೊದಲೇ ನಡೆದು ನೋಡಿಕೊಳ್ಳಿ. ಅಲ್ಲಿ ಜಲಪಾತವೋ ಅಡ್ಡಬಿದ್ದ ಮರವೋ ಇದ್ದರೆ ಜಾಗ ಬದಲಿಸಿ. ಬೂಟು ಬಿಚ್ಚಬೇಡಿ, ಬೆನ್ನುಚೀಲದ ಸೊಂಟಪಟ್ಟಿ ಮತ್ತು ಎದೆಪಟ್ಟಿಗಳನ್ನು ಬಿಚ್ಚಿಕೊಳ್ಳಿ, ಮೇಲ್ಹರಿವಿಗೆ ಮುಖಮಾಡಿ ಕೋಲೂರಿ, ಒಂದು ಕಾಲು ಗಟ್ಟಿಯಾಗಿ ನಿಂತ ಮೇಲೆ ಇನ್ನೊಂದನ್ನು ಪಕ್ಕಕ್ಕೆ ಸರಿಸಿ. ದಾಟುವವರ ಸೊಂಟಕ್ಕೆ ಹಗ್ಗ ಕಟ್ಟುವ ಪದ್ಧತಿಯನ್ನು ಕೆಲವರು ರಕ್ಷಣೆಯೆಂದು ತಿಳಿದಿದ್ದಾರೆ. ಜಾರಿದಾಗ ಅದೇ ಹಗ್ಗ ಬಿಗಿದು, ಹರಿವು ಅವರನ್ನು ನೀರಿನಡಿಗೆ ಒತ್ತಿಹಿಡಿಯುತ್ತದೆ.

ಕೊಚ್ಚಿಹೋದರೆ ಎದ್ದು ನಿಲ್ಲಲು ಹೋಗಬೇಡಿ, ಕಾಲು ಕಲ್ಲುಗಳ ನಡುವೆ ಸಿಕ್ಕಿಕೊಂಡರೆ ಹರಿವು ಮೈಯನ್ನು ಮುಂದಕ್ಕೆ ಮಡಚಿ ಮುಳುಗಿಸುತ್ತದೆ. ಚೀಲ ಕಳಚಿ, ಬೆನ್ನ ಮೇಲೆ ತೇಲುತ್ತ, ಪಾದಗಳನ್ನು ಕೆಳಹರಿವಿನ ಕಡೆಗೆ ಚಾಚಿ ಕಾಲ್ಬೆರಳು ನೀರಿನ ಮೇಲೆ ಕಾಣುವಂತಿಟ್ಟು, ಕೈಗಳಿಂದ ದಡದ ಕಡೆಗೆ ಓರೆಯಾಗಿ ಸರಿಯಿರಿ. ಇದಕ್ಕೆ ಒಂದೇ ವಿನಾಯಿತಿ ನೀರಿಗೆ ಅಡ್ಡಬಿದ್ದ ಮರ. ಕೊಂಬೆಗಳ ನಡುವೆ ನೀರು ಸೋಸಿಹೋಗುತ್ತದೆ, ಮನುಷ್ಯ ಸಿಕ್ಕಿಕೊಳ್ಳುತ್ತಾನೆ. ತಪ್ಪಿಸಿಕೊಳ್ಳಲು ಆಗದಿದ್ದರೆ ಹೊಟ್ಟೆಯ ಮೇಲೆ ತಿರುಗಿ, ತಲೆ ಮುಂದಾಗಿ ಅದರ ಕಡೆಗೆ ಜೋರಾಗಿ ಈಜಿ, ಎಟುಕಿದೊಡನೆ ಮೈಯನ್ನು ಮರದ ಮೇಲಕ್ಕೆ ಎಳೆದುಕೊಳ್ಳಬೇಕು. ಇಷ್ಟೆಲ್ಲ ಬರೆದ ಮೇಲೂ ನನ್ನ ಸಲಹೆ ಒಂದೇ: ಅನುಮಾನವಿದ್ದರೆ ಈಚೆ ದಡದಲ್ಲಿಯೇ ರಾತ್ರಿ ಕಳೆಯಿರಿ. ಹಸಿವಿನಿಂದಲೂ ಚಳಿಯಿಂದಲೂ ಒಂದು ರಾತ್ರಿ ಕಷ್ಟಪಟ್ಟವರು ಮರುದಿನ ಬೆಳಗಿನ ಜಾವ ಮೀನಖಂಡದಷ್ಟು ನೀರಿನಲ್ಲಿ ದಾಟಿ ಬಂದದ್ದನ್ನು ನಾನು ಕಂಡಿದ್ದೇನೆ.

ಪ್ರಶ್ನೆ: ರಸ್ತೆಯ ಮೇಲೆ ಹರಿಯುವ ಹಿಮನೀರನ್ನು ಕಾರಿನಲ್ಲಿ ದಾಟಬಹುದೆ?

ಉತ್ತರ: ಬೇಡ. ರಭಸವಾಗಿ ಹರಿಯುವ 15 ಸೆಂಟಿಮೀಟರ್ ನೀರು ನಡೆಯುವವರನ್ನು ಬೀಳಿಸಬಲ್ಲದು, 30 ಸೆಂಟಿಮೀಟರ್ ಸಣ್ಣ ಕಾರನ್ನು ತೇಲಿಸಬಲ್ಲದು, 60 ಸೆಂಟಿಮೀಟರ್ ಬಹುತೇಕ ದೊಡ್ಡ ವಾಹನಗಳನ್ನೂ ಒಯ್ಯಬಲ್ಲದು. ಅದಕ್ಕಿಂತ ಮುಖ್ಯವಾಗಿ, ಕದಡಿದ ನೀರಿನಡಿಯಲ್ಲಿ ರಸ್ತೆ ಉಳಿದಿದೆಯೋ ಕೊರೆದುಹೋಗಿದೆಯೋ ಸ್ಟೀರಿಂಗ್ ಹಿಡಿದವರಿಗೆ ಕಾಣುವುದಿಲ್ಲ.

ಪ್ರಶ್ನೆ: ಮಗಳು ಅಳಿಯ ಇರುವ ಊರಿನ ಸರೋವರ ಇನ್ನೂ ಹೆಪ್ಪುಗಟ್ಟಿಕೊಂಡೇ ಇದೆ. ಚಳಿಗಾಲವಿಡೀ ಅದರ ಮೇಲೆ ಆಡಿದ ಮೊಮ್ಮಗ ಈಗಲೂ ಹೋಗುತ್ತೇನೆ ಎನ್ನುತ್ತಾನೆ. ಮಂಜುಗಡ್ಡೆ ಒಂದು ಗೇಣಿಗಿಂತ ದಪ್ಪವಿದೆ. ಭಯಪಡಬೇಕೆ?

ಉತ್ತರ: ಭಯಪಡಬೇಕು ಅಮ್ಮಾ, ಮೊಮ್ಮಗನನ್ನು ಕಳುಹಿಸಲೇಬೇಡಿ. ಚಳಿಗಾಲದ ಹೊಸ, ತಿಳಿಯಾದ ಮಂಜುಗಡ್ಡೆ 10 ಸೆಂಟಿಮೀಟರ್ ದಪ್ಪವಿದ್ದರೆ ಒಬ್ಬರು ನಡೆಯಬಹುದು ಎಂಬ ಲೆಕ್ಕ ಪ್ರಚಲಿತವಾಗಿದೆ. ವಸಂತದಲ್ಲಿ ಆ ಲೆಕ್ಕಕ್ಕೆ ಬೆಲೆಯಿಲ್ಲ. ಬಿಸಿಲು ಮಂಜುಗಡ್ಡೆಯ ಹರಳುಗಳ ನಡುವಿನ ಗೆರೆಗಳಗುಂಟ ಒಳಕ್ಕಿಳಿದು ಕರಗಿಸುವುದರಿಂದ, ಒಂದೇ ಚಪ್ಪಡಿಯಂತಿದ್ದದ್ದು ಮೇಣದಬತ್ತಿಗಳನ್ನು ಒತ್ತೊತ್ತಾಗಿ ನಿಲ್ಲಿಸಿದಂತೆ ಆಗಿಬಿಡುತ್ತದೆ. ದಪ್ಪ ಹಾಗೆಯೇ ಇರುತ್ತದೆ, ಒಂದನ್ನೊಂದು ಹಿಡಿದುಕೊಳ್ಳುವ ಶಕ್ತಿ ಇರುವುದಿಲ್ಲ. ಅಂತಹ ಗಡ್ಡೆಯ ತುಂಡೊಂದನ್ನು ದಡದಲ್ಲಿ ಕೈಗೆತ್ತಿಕೊಂಡು ಸ್ವಲ್ಪ ಅದುಮಿದರೆ ಕಿಣಿಕಿಣಿ ಸದ್ದು ಮಾಡುತ್ತ ಉದ್ದುದ್ದ ಕಡ್ಡಿಗಳಾಗಿ ಉದುರುತ್ತದೆ. ಮೊಮ್ಮಗನಿಗೆ ಅದನ್ನು ದಡದಲ್ಲಿಯೇ ಮಾಡಿ ತೋರಿಸಿ. ನೂರು ಸಲ ಬೇಡವೆಂದು ಹೇಳುವುದಕ್ಕಿಂತ ಅದು ಅವನಿಗೆ ಚೆನ್ನಾಗಿ ತಿಳಿಯುತ್ತದೆ. ಗಡ್ಡೆ ಬೂದು ಅಥವಾ ಕಪ್ಪು ಬಣ್ಣಕ್ಕೆ ತಿರುಗುವುದು, ದಡಕ್ಕೂ ಅದಕ್ಕೂ ನಡುವೆ ನೀರಿನ ಬಿರುಕು ಕಾಣುವುದು ಕೊನೆಯ ಲಕ್ಷಣಗಳು. ತೊರೆ ಬಂದು ಸೇರುವ ಮತ್ತು ಹೊರಹೋಗುವ ಬಾಯಿಗಳಲ್ಲಿ, ಸೇತುವೆಯ ಕೆಳಗೆ, ಜೊಂಡು ಮತ್ತು ಬಂಡೆಗಳ ಸುತ್ತ ಅದು ಎಲ್ಲಕ್ಕಿಂತ ಮೊದಲು ಸೋಲುತ್ತದೆ.

ಮನೆಯ ದೊಡ್ಡವರಿಗೆ ಇನ್ನೊಂದು ಮಾತು. ಯಾರಾದರೂ ಒಳಗೆ ಬಿದ್ದರೆ, ಬಿದ್ದವರು ತಾವು ಬಂದ ದಿಕ್ಕಿಗೇ ತಿರುಗಬೇಕು, ಏಕೆಂದರೆ ಆ ಕಡೆಯ ಗಡ್ಡೆ ಅಲ್ಲಿಯವರೆಗೆ ಅವರನ್ನು ಹೊತ್ತಿತ್ತು. ಮುಂಗೈಗಳನ್ನು ಗಡ್ಡೆಯ ಮೇಲೆ ಚಾಚಿ, ಕಾಲನ್ನು ಹಿಂದಕ್ಕೆ ಜೋರಾಗಿ ಬಡಿಯುತ್ತ ಮೈಯನ್ನು ಅಡ್ಡಲಾಗಿಸಿ ಜಾರಿ ಹೊರಬರಬೇಕು. ಬಂದ ಮೇಲೆ ಎದ್ದು ನಿಲ್ಲದೆ ಉರುಳುತ್ತಲೇ ದಡ ಸೇರಬೇಕು. ಸರೋವರ ಪೂರ್ತಿ ಕರಗಿದ ಮೇಲೂ ಎಚ್ಚರ ಮುಂದುವರಿಯಲಿ. ದಡದ ಮೇಲುನೀರು ಬಿಸಿಲಿಗೆ ಬೆಚ್ಚಗಾದರೂ ಸ್ವಲ್ಪ ಒಳಗೆ, ಸ್ವಲ್ಪ ಆಳದಲ್ಲಿ ವಾರಗಟ್ಟಲೆ 4 ಡಿಗ್ರಿಯ ಆಸುಪಾಸಿನ ನೀರೇ ಇರಬಹುದು.

ಪ್ರಶ್ನೆ: ಕಣ್ಣೆದುರಿಗೆ ಒಬ್ಬರು ಕೊಚ್ಚಿಹೋಗುತ್ತಿದ್ದರೆ ನೋಡುತ್ತ ನಿಲ್ಲುವುದು ಹೇಗೆ? ಧುಮುಕಬಾರದು ಎಂದು ಓದಿದಾಗ ನನಗೆ ಬೇಸರವಾಯಿತು.

ಉತ್ತರ: ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಮತ್ತು ಅದರ ಹಿಂದಿರುವ ಮನಸ್ಸನ್ನು ಗೌರವಿಸುತ್ತೇನೆ. ಆದರೆ ಧುಮುಕಿದವರಿಗೂ ಮೊದಲ ಉತ್ತರದಲ್ಲಿ ಹೇಳಿದ ಆಘಾತವೇ ಆಗುತ್ತದೆ. ಒಬ್ಬರಿಗಾಗಿ ಹುಡುಕುವ ಜಾಗದಲ್ಲಿ ಇಬ್ಬರಿಗಾಗಿ ಹುಡುಕಬೇಕಾಗುತ್ತದೆ. ದಡದಲ್ಲಿ ನಿಂತೇ ಮಾಡಬಹುದಾದದ್ದು ಬಹಳವಿದೆ. ಒಬ್ಬರು ತುರ್ತು ಸಂಖ್ಯೆಗೆ ಕರೆ ಮಾಡಲಿ. ಭಾರತದಲ್ಲೂ ಯೂರೋಪಿನ ಬಹುತೇಕ ದೇಶಗಳಲ್ಲೂ ಅದು 112. ಇನ್ನೊಬ್ಬರು ಕಣ್ಣು ಕೀಳದೆ ಬಿದ್ದವರನ್ನೇ ನೋಡುತ್ತ, ಬೆರಳು ತೋರಿಸುತ್ತ ದಡದಲ್ಲಿ ಸಾಗಲಿ. ಹತ್ತಿರವಿದ್ದರೆ ಮಲಗಿಕೊಂಡು ಕೋಲು, ಏಣಿ, ಪಂಚೆ, ಸೀರೆ ಏನಾದರೂ ಚಾಚಿ. ದೂರವಿದ್ದರೆ ತೇಲುವ ವಸ್ತುವನ್ನು ಎಸೆಯಿರಿ. ಮುಚ್ಚಳ ಬಿಗಿದ ಖಾಲಿ ಕ್ಯಾನ್ ಕೂಡ ಒಬ್ಬರನ್ನು ತೇಲಿಸಬಲ್ಲದು. ಹಗ್ಗ ಎಸೆಯುವಾಗ ಅದು ಅವರ ತಲೆಯ ಮೇಲಿಂದ ಹಾದು ಆಚೆಗೆ ಬೀಳಲಿ, ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಕುಳಿತು ಕಾಲೂರಿ ಹಿಡಿಯಿರಿ. ನೀವು ಎಳೆಯಬೇಕಾಗಿಲ್ಲ, ಗಟ್ಟಿಯಾಗಿ ಹಿಡಿದರೆ ಹರಿವೇ ಅವರನ್ನು ತೂಗಿ ನಿಮ್ಮ ದಡಕ್ಕೆ ತರುತ್ತದೆ.

ನಾಯಿ ನೀರಿಗೆ ಬಿದ್ದಾಗ ಅದರ ಹಿಂದೆ ಹಾರಿ ಜೀವ ಕಳೆದುಕೊಳ್ಳುವವರಿದ್ದಾರೆ. ಅದೆಷ್ಟೋ ಸಲ ನಾಯಿ ತಾನಾಗಿಯೇ ಈಜಿ ದಡ ಸೇರಿರುತ್ತದೆ. ನೀರಿನ ಬಳಿ ಅದಕ್ಕೆ ಹಗ್ಗ ಹಾಕಿ ನಡೆಸುವುದೊಂದೇ ಉಪಾಯ.

ಪ್ರಶ್ನೆ: ಹೊರಗೆ ತೆಗೆದವರಿಗೆ ಕೈಕಾಲು ಉಜ್ಜುವುದು, ಬ್ರಾಂದಿ ಕುಡಿಸುವುದು ಸರಿಯೆ?

ಉತ್ತರ: ಎರಡೂ ತಪ್ಪು. ಬ್ರಾಂದಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇರುವ ಶಾಖವನ್ನೂ ಹೊರಹಾಕುತ್ತದೆ. ಉಜ್ಜಿದರೆ, ಒರಟಾಗಿ ಎತ್ತಾಡಿದರೆ ತಣ್ಣಗಾದ ಹೃದಯದ ಬಡಿತ ದಾರಿತಪ್ಪಬಹುದು. ಮಲಗಿಸಿಯೇ ಒಯ್ಯಿರಿ. ಗಾಳಿ ತಾಗದ ಜಾಗದಲ್ಲಿ ಒದ್ದೆ ಬಟ್ಟೆಯನ್ನು ಕತ್ತರಿಸಿ ತೆಗೆದು, ನೆಲದ ತಂಪು ತಟ್ಟದಂತೆ ಅಡಿಗೆ ಹಾಸಿ, ತಲೆಯನ್ನೂ ಸೇರಿಸಿ ಒಣ ಕಂಬಳಿಯಿಂದ ಸುತ್ತಿ, ಎದೆ ಮತ್ತು ಕಂಕುಳಿಗೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ ಇಡಿ. ಪೂರ್ಣ ಎಚ್ಚರವಿದ್ದು ನುಂಗಬಲ್ಲವರಾದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಬಹುದು. ಉಸಿರು ನಿಂತಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದರಿಂದ ಆರಂಭಿಸಿ ಎದೆ ಒತ್ತುವುದನ್ನು ಮುಂದುವರಿಸಬೇಕು, ಏಕೆಂದರೆ ಮುಳುಗಿದವರಲ್ಲಿ ಮೊದಲು ಕೊರತೆಯಾದದ್ದು ಗಾಳಿ. ಚೇತರಿಸಿಕೊಂಡು ಎದ್ದು ಕುಳಿತರೂ ಕೆಮ್ಮು ಅಥವಾ ಉಸಿರಿನ ತೊಂದರೆ ಇದ್ದರೆ ಆಸ್ಪತ್ರೆಗೆ ಹೋಗಲೇಬೇಕು.

ಮೈ ತಣ್ಣಗಾಗಿದೆ, ನಾಡಿ ಸಿಗುತ್ತಿಲ್ಲ ಎಂದು ಕೈಬಿಡಬೇಡಿ. 1999ರ ಮೇ 20ರಂದು ನಾರ್ವೆಯ ನಾರ್ವಿಕ್ ಬಳಿ ಸ್ವೀಡನ್ನಿನ ವೈದ್ಯೆಯೊಬ್ಬರು ಸ್ಕೀಯಿಂಗ್ ಮಾಡುತ್ತಿದ್ದಾಗ ಹೆಪ್ಪುಗಟ್ಟಿದ ತೊರೆಯೊಳಗೆ ಬಿದ್ದು ಸುಮಾರು 80 ನಿಮಿಷ ಗಡ್ಡೆಯ ಕೆಳಗೆ ಸಿಕ್ಕಿಕೊಂಡಿದ್ದರು. ಅವರ ದೇಹದ ಉಷ್ಣತೆ 13.7 ಡಿಗ್ರಿಗೆ ಇಳಿದಿತ್ತು, ಹೃದಯ ನಿಂತಿತ್ತು. ಜೊತೆಗಾರರೂ ಆಸ್ಪತ್ರೆಯವರೂ ಗಂಟೆಗಟ್ಟಲೆ ಪ್ರಯತ್ನ ಬಿಡಲಿಲ್ಲ. ಅವರು ಬದುಕಿದರು, ಮತ್ತೆ ವೈದ್ಯವೃತ್ತಿಗೂ ಮರಳಿದರು.

ಪ್ರಶ್ನೆ: ನದಿಯ ನಡುವಿನ ಬಂಡೆಗಳ ಮೇಲೆ ನಿಂತು ಫೋಟೋ ತೆಗೆಯುವುದರಲ್ಲಿ ಅಪಾಯವಿದೆಯೆ? ನೀರು ಬಹಳ ಕಡಿಮೆ ಇರುತ್ತದೆ.

ಉತ್ತರ: ನೀರು ಕಡಿಮೆ ಇರುವುದು ಮೇಲೆ ಅಣೆಕಟ್ಟೆಯೊಂದು ಅದನ್ನು ತಡೆದಿರುವುದರಿಂದ ಇರಬಹುದು. 2014ರ ಜೂನ್ 8ರಂದು ಹಿಮಾಚಲ ಪ್ರದೇಶದ ಬಿಯಾಸ್ ನದಿಯಲ್ಲಿ ಹೀಗೆ ಬಂಡೆಗಳ ಮೇಲೆ ನಿಂತಿದ್ದವರ ಮೇಲೆ ಅಣೆಕಟ್ಟೆಯಿಂದ ಬಿಟ್ಟ ನೀರು ಒಮ್ಮೆಲೇ ಬಂತು. ಹೈದರಾಬಾದಿನಿಂದ ಪ್ರವಾಸ ಹೋಗಿದ್ದ 24 ವಿದ್ಯಾರ್ಥಿಗಳು ಮತ್ತು ಅವರ ಜೊತೆಗಿದ್ದ ಒಬ್ಬ ಪ್ರವಾಸ ಸಹಾಯಕ ಕೊಚ್ಚಿಹೋದರು. ಆ ಮಕ್ಕಳ ಮುಂದೆ ನೀರು ಏರುತ್ತಿದ್ದ ದೃಶ್ಯವನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ. ಹಿಮ ಕರಗುವ ತಿಂಗಳುಗಳಲ್ಲಿ ಜಲಾಶಯಗಳು ತುಂಬುತ್ತಿರುವುದರಿಂದ ಬಾಗಿಲು ಯಾವ ಗಳಿಗೆಯಲ್ಲಾದರೂ ತೆರೆಯಬಹುದು. ಸೈರನ್ ಕೇಳಿಸೀತು ಎಂದು ನಂಬಿ ಕೂರಬೇಡಿ, ಹೊಳೆಯ ಮೊರೆತದಲ್ಲಿ ಅದು ಕಿವಿಗೆ ಬೀಳದೇ ಹೋಗಬಹುದು. ಫೋಟೋ ದಡದಿಂದ ತೆಗೆಯಿರಿ.

ಪ್ರಶ್ನೆ: ನದಿಯ ಪಕ್ಕದ ಮನೆಯಲ್ಲಿ ಇದ್ದೇವೆ. ಗಡ್ಡೆಗಳು ಒಡೆದು ತೇಲುವುದನ್ನು ನೋಡಲು ಎಲ್ಲರೂ ಸೇತುವೆಗೆ ಹೋಗುತ್ತಾರೆ. ಅದರಲ್ಲಿ ಅಪಾಯವೇನು?

ಉತ್ತರ: ತೇಲಿಬಂದ ಗಡ್ಡೆಗಳು ತಿರುವಿನಲ್ಲೋ ಸೇತುವೆಯ ಕಂಬಗಳಲ್ಲೋ ಸಿಕ್ಕಿಕೊಂಡು ರಾಶಿಯಾದರೆ ಅದೇ ಅಣೆಕಟ್ಟೆಯಾಗುತ್ತದೆ, ಹಿಂದೆ ನೀರು ಗಂಟೆಯೊಳಗೆ ಊರಿಗೆ ನುಗ್ಗಬಹುದು, ರಾಶಿ ಒಡೆದರೆ ಮುಂದಿನವರ ಮೇಲೆ ಒಮ್ಮೆಲೇ ಬೀಳಬಹುದು. ಉತ್ತರಕ್ಕೆ ಹರಿಯುವ ಶೀತದೇಶದ ನದಿಗಳಲ್ಲಿ ಇದು ಹೆಚ್ಚು, ಏಕೆಂದರೆ ಮೇಲ್ಭಾಗ ಮೊದಲು ಕರಗಿ ನೀರು ಹೊರಟಾಗ ಕೆಳಭಾಗ ಇನ್ನೂ ಹೆಪ್ಪುಗಟ್ಟಿಕೊಂಡೇ ಇರುತ್ತದೆ. 2001ರ ಮೇ ತಿಂಗಳಲ್ಲಿ ಸೈಬೀರಿಯಾದ ಲೀನಾ ನದಿಯ ದಡದ ಲೆನ್ಸ್ಕ್ ಪಟ್ಟಣ ಹೀಗೆಯೇ ಮುಳುಗಿಹೋಯಿತು. ಸೇತುವೆಯ ಮೇಲೆ ನಿಲ್ಲದೆ ಎತ್ತರದ ದಿಬ್ಬದಿಂದ ನೋಡಿ. ನೆರೆಯ ಮುನ್ಸೂಚನೆ ಹೊರಟ ದಿನವೇ ಕಾಗದಪತ್ರ, ಔಷಧಿ, ಮಕ್ಕಳ ಬೆಚ್ಚನೆಯ ಬಟ್ಟೆಗಳನ್ನು ಒಂದು ಚೀಲದಲ್ಲಿ ತುಂಬಿ ಬಾಗಿಲ ಬಳಿ ಇಡಿ. ಎತ್ತರದ ಜಾಗಕ್ಕೆ ಹೋಗುವ ದಾರಿ ಯಾವುದು ಎಂಬುದನ್ನು ಹಗಲಿನಲ್ಲಿಯೇ ಒಮ್ಮೆ ಮನೆಯವರೆಲ್ಲ ಸೇರಿ ನಡೆದು ನೋಡಿ.